ಮಂಜೂರಾದ ಮೊತ್ತದೊಳಗೆ

ಮಹಿಳಾ ವಿಭಾಗ, ಕಾರಾಗೃಹ, ಶಿವಮೊಗ್ಗ
14 ಏಪ್ರಿಲ್ 2025

ಪೂಜ್ಯ ಅತ್ತೆಯವರಿಗೆ ಶಾಲಿನಿಯ ನಮಸ್ಕಾರಗಳು.

ಐದು ವರ್ಷದಿಂದ ನಿಮ್ಮ ಸೊಸೆಯಾಗಿದ್ದರೂ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇಲ್ಲಿ ವಾರಕ್ಕೊಮ್ಮೆ ಫೋನ್ ಮಾಡಲು ಬಿಡುತ್ತಾರೆ, ಆದರೆ ಮೊದಲೇ ಬರೆದುಕೊಟ್ಟ ನಂಬರಿಗೆ ಮಾತ್ರ. ಗಂಡನ ನಂಬರ್ ಎಂದು ಶರತ್ ಅವರದನ್ನು ಕೊಟ್ಟಿದ್ದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ನಿಮ್ಮ ಸಿಮ್ ಕೂಡ ಅವರ ಹೆಸರಿನಲ್ಲಿದೆ. ಅದನ್ನು ಸೇರಿಸಬೇಕಾದರೆ ಅವರೇ ಬಂದು ಆಧಾರ್ ಪ್ರತಿ ಕೊಡಬೇಕಂತೆ. ಅದಕ್ಕೇ ಈ ಕಾಗದ. ಇಲ್ಲಿಯ ಅಧಿಕಾರಿಗಳು ಓದಿದ ಮೇಲೆಯೇ ಅಂಚೆಗೆ ಹಾಕುತ್ತಾರೆ. ತಡವಾಗಿ ಸಿಕ್ಕರೆ ಗಾಬರಿಯಾಗಬೇಡಿ.

ನಾನು ಚೆನ್ನಾಗಿದ್ದೇನೆ. ಊಟಕ್ಕೆ ತೊಂದರೆ ಇಲ್ಲ. ಒಂದೇ ಕೋಣೆಯಲ್ಲಿ ಹನ್ನೊಂದು ಜನ ಇದ್ದೇವೆ. ನಾನು ಇಂಜಿನಿಯರ್ ಎಂದು ತಿಳಿದ ಮೇಲೆ ಎಲ್ಲರೂ ತಮ್ಮ ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ಹೊತ್ತು ಹೋಗುತ್ತದೆ.

ನಾವು ಕಟ್ಟುತ್ತಿದ್ದ ಸೇತುವೆ ಬಿದ್ದ ದಿನವೇ ಪೊಲೀಸರು ನನ್ನನ್ನು ಶಿಕಾರಿಪುರದ ಕ್ಯಾಂಪಿನಿಂದ ಕರೆದುಕೊಂಡು ಹೋದರು. ಯತೀಶನ ದೇಹವನ್ನು ಉಳವಿಗೆ ತಂದಾಗ ನಾನು ಠಾಣೆಯ ಬೆಂಚಿನ ಮೇಲಿದ್ದೆ. ನಮ್ಮ ಪಕ್ಕದ ಮನೆಯ ಹುಡುಗ. ಅವನಿಗೆ ಸೆಂಟ್ರಿಂಗ್ ಕೆಲಸ ಕೊಡಿಸು ಎಂದು ನೀವು ಕೇಳಿದಿರಿ, ನಾನು ಕೊಡಿಸಿದೆ. ಅವನ ಜೊತೆ ಹೋದ ಇನ್ನಿಬ್ಬರು ಬಿಹಾರದವರು. ಅವರ ಮನೆಯವರು ಬಂದರೋ ಇಲ್ಲವೋ ಅದೂ ನನಗೆ ತಿಳಿಯದು.

ಗುಡ್ಡಮ್ಮ ಹೇಗಿದ್ದಾರೆ? ಇದ್ದ ಮಗ ಅವನೊಬ್ಬನೇ. ಅವರ ಹತ್ತಿರ ಹೋಗಿ ಕೂರುತ್ತಿದ್ದೀರಲ್ಲವೇ? ಶರತ್ ಅವರಿಗೆ ಒಂದು ಸಲ ಬಂದು ಹೋಗಲು ಹೇಳಿ. ನಾನು ಅಪ್ಪ ಅಮ್ಮ ಇಲ್ಲದವಳು. ಉಡುತಡಿಯ ಚಿಕ್ಕಪ್ಪನ ಮನೆಯವರು ಫೋನೇ ಇಟ್ಟುಬಿಟ್ಟರು. ನನಗೆ ಇರುವುದು ನಿಮ್ಮ ಮನೆ ಒಂದೇ.

ಶಾಲಿನಿ

*

ಉಳವಿ
29 ಏಪ್ರಿಲ್ 2025

ಚಿ. ಸೌ. ಶಾಲಿನಿಗೆ ಹೂವಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಪೋಸ್ಟಿನವನು ಲಕೋಟೆಯ ಮೇಲಿನ ಮೊಹರು ನೋಡಿ, ಬೇಲಿ ಆಚೆಯಿಂದಲೇ ಕೈ ಚಾಚಿ ಕೊಟ್ಟು ಹೋದ. ನಾನು ಏಳನೇ ಕ್ಲಾಸಿನ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ತಪ್ಪಿದ್ದರೆ ಸರಿಮಾಡಿ ಓದಿಕೋ.

ಯತೀಶನ ಕಾರ್ಯಗಳೆಲ್ಲ ಮುಗಿದವು. ಮುಖ ನೋಡಲು ಬಿಡಲಿಲ್ಲ, ಬಟ್ಟೆ ಸುತ್ತಿಯೇ ತಂದಿದ್ದರು. ಗುಡ್ಡಮ್ಮ ಕಾಲು ಮುಟ್ಟಿ ನೋಡಿ, "ಇದು ನನ್ನ ಮಗಂದೇ" ಎಂದಳು. ಆಮೇಲೆ ಅತ್ತದ್ದನ್ನು ನಾನು ಕಾಣಲಿಲ್ಲ. ಬೆಳಿಗ್ಗೆ ಕುರಿ ಬಿಟ್ಟುಕೊಂಡು ಹೋಗುತ್ತಾಳೆ, ಸಂಜೆ ಬರುತ್ತಾಳೆ. ನಮ್ಮ ಅಂಗಳ ದಾಟಿಯೇ ಹೋಗಬೇಕು. ಮೊದಲಾದರೆ ನಿಂತು ಒಂದು ಮಾತು ಆಡದೆ ಹೋದವಳಲ್ಲ. ಈಗ ತಲೆ ಎತ್ತುವುದಿಲ್ಲ. ನಾನು ಅನ್ನ ಸಾರು ತೆಗೆದುಕೊಂಡು ಹೋದರೆ ಒಳಗಿಡು ಎಂದು ಕೈ ತೋರಿಸುತ್ತಾಳೆ. ಮಾರನೇ ದಿನ ಪಾತ್ರೆ ತೊಳೆದು ನಮ್ಮ ಜಗಲಿಯ ಮೇಲೆ ಇಟ್ಟಿರುತ್ತಾಳೆ. ಉಂಡಳೋ, ಕುರಿಗೆ ಹಾಕಿದಳೋ ಗೊತ್ತಿಲ್ಲ.

ಶರತ್‌ಗೆ ಹತ್ತನೇ ಕ್ಲಾಸಿನ ಪೇಪರ್ ತಿದ್ದುವ ಕೆಲಸ ಬಂದಿದೆ. ಅದಕ್ಕೇ ಅವನಿಗೆ ಬರಲು ಆಗಿಲ್ಲ. ಬಿಡುವಾದ ಕೂಡಲೇ ಬರುತ್ತಾನೆ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡ. ನೀನು ಸಹಿ ಹಾಕಿದ ಮೇಲೆಯೇ ಕಾಂಕ್ರೀಟ್ ಹಾಕಿದ್ದು, ನೀನು ಬೇಡ ಎಂದಿದ್ದರೆ ಹಾಕುತ್ತಿರಲಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಹೌದಾ? ಸಹಿ ಎಂದರೆ ನಿನಗೆ ಎಷ್ಟು ಭಯ ಎಂದು ನನಗೆ ಗೊತ್ತು. ಸೊಸೈಟಿಯ ಕಾಗದವನ್ನೂ ಎರಡು ಸಲ ಓದಿ ನನ್ನ ಕೈಗೆ ಕೊಡುತ್ತಿದ್ದವಳು ನೀನು. ಅಂಥವಳು ಯಾಕೆ ಹಾಕಿದೆ?

ಹೂವಮ್ಮ

*

ಶಿವಮೊಗ್ಗ
16 ಮೇ 2025

ಪೂಜ್ಯ ಅತ್ತೆಯವರಿಗೆ,

ಹೌದು, ಸಹಿ ನನ್ನದೇ. ಯಾಕೆ ಎಂದು ಕೇಳಿದ್ದೀರಿ. ಪೊಲೀಸರು ಸಹ ಹಾಗೆ ಕೇಳಲಿಲ್ಲ, "ಹಾಕಿದ್ದು ಹೌದೋ ಅಲ್ಲವೋ" ಎಂದಷ್ಟೇ ಕೇಳಿದರು. ನಿಮಗೆ ಎಲ್ಲವನ್ನೂ ಬರೆಯುತ್ತೇನೆ.

ಸೇತುವೆಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವುದು ಕೆಳಗಿನ ಕಬ್ಬಿಣದ ಆಸರೆ ಕಂಬಗಳು. ನಮ್ಮ ಮೂಲ ಯೋಜನೆಯಲ್ಲಿ ಆ ಕಂಬಗಳು ಒತ್ತಾಗಿದ್ದವು, ಅವುಗಳ ಬುಡಕ್ಕೆ ಕಾಂಕ್ರೀಟ್ ಹಾಸು ಇತ್ತು. ಹೊಳೆಯ ಮಣ್ಣು ಮೆತ್ತಗಿರುವುದರಿಂದ ಅದು ಬೇಕೇ ಬೇಕು. ಆದರೆ ಕೆಲಸ ಶುರುವಾಗುವ ಹೊತ್ತಿಗೆ ಕಬ್ಬಿಣದ ಬೆಲೆ ಏರಿತ್ತು. ಹೆಚ್ಚಿನ ಹಣ ಬೇಕೆಂದು ಪರಿಷ್ಕೃತ ಅಂದಾಜು ಕಳಿಸಿದೆವು. ಅದು ಮೇಜಿನಿಂದ ಮೇಜಿಗೆ ಹೋಗಿ, ಒಂದು ಮಳೆಗಾಲ ಕಳೆದು, ಚಳಿಗಾಲದಲ್ಲಿ ವಾಪಸ್ ಬಂತು. ದೇಶದ ಎಲ್ಲ ಕಾಮಗಾರಿಗಳೂ ಅಂದಾಜು ಮೀರುತ್ತಿವೆ, ಇನ್ನು ಮೀರಲು ಬಿಡುವುದಿಲ್ಲ, ಮಂಜೂರಾದ ಮೊತ್ತದೊಳಗೆ ಮುಗಿಸಿ, ಎಲ್ಲೆಲ್ಲಿ ಉಳಿಸುತ್ತೀರಿ ಎಂದು ತೋರಿಸಿ ಎಂದು ಸರ್ಕಾರದ ವೆಚ್ಚ ಸಮಿತಿ ಬರೆದಿತ್ತು. ಆ ಮಾತು ತಪ್ಪು ಎಂದು ನಾನು ಹೇಳಲಾರೆ. ಜನರ ದುಡ್ಡು ಸೋರಿಹೋಗುವುದನ್ನು ನಾನೂ ಕಂಡಿದ್ದೇನೆ. ಆದರೆ ಸೇತುವೆಯಲ್ಲಿ ಉಳಿಸಲು ಏನಿತ್ತು? ಕೊನೆಯವರೆಗೂ ಉಳಿಯುವ ಭಾಗದಲ್ಲಿ ಕೈ ಹಾಕಿದರೆ ತಪಾಸಣೆಯಲ್ಲಿ ಸಿಗುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ ಒಯ್ಯುವ ಆಸರೆಯಲ್ಲಿ ಉಳಿಸಿದರೆ ಯಾರಿಗೂ ಕಾಣುವುದಿಲ್ಲ. ಕಂಬಗಳನ್ನು ದೂರ ದೂರ ಮಾಡಿದರು. ಹಾಸಿನ ಬದಲು ಮರದ ದಿಮ್ಮಿ ಇಟ್ಟರು.

ಮಾರ್ಚ್ ಕೊನೆಯಲ್ಲಿ ಒಂದು ಅಕಾಲದ ಮಳೆ ಬಂತು. ನಾನು ನಮ್ಮ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಸದಾಶಿವಪ್ಪನವರ ಹತ್ತಿರ ಹೋದೆ.

"ಸರ್, ದಿಮ್ಮಿ ಕೆಳಗಿನ ಮಣ್ಣು ಹಸಿಯಾಗಿದೆ. ಹಾಸು ಹಾಕದೆ ಕಾಂಕ್ರೀಟ್ ಬೇಡ."

"ಏನ್ರೀ ಶಾಲಿನಿ, ಹಾಸು ಹಾಕಾಕೆ ರೊಕ್ಕ ನಾನು ಮನೆಯಿಂದ ತರ್ಲಾ? ಮೇಲಿನೋರು ಬರೆದದ್ದು ನೀವೂ ಓದೀರಿ."

"ಒಂದು ತಿಂಗಳು ತಡೀಬಹುದಲ್ಲ ಸರ್, ಒಣಗ್ಲಿ."

"ಮೂವತ್ತೊಂದನೇ ತಾರೀಕಿನೊಳಗೆ ಖರ್ಚು ತೋರಿಸ್ಲಿಲ್ಲ ಅಂದ್ರೆ ಈ ವರ್ಷದ ಹಣ ವಾಪಸ್ ಹೋಗ್ತತಿ. ಮುಂದಿನ ವರ್ಷದ ಪಟ್ಟಿಯಾಗೆ ನಮ್ಮ ಸೇತುವೆ ಇರ್ತತೋ ಇಲ್ಲೋ, ನನಗಂತೂ ಗೊತ್ತಿಲ್ಲ. ಆಮೇಲೆ ನಿಮ್ಮ ಸೊರಬದ ಕಡೆ ಜನ ಹೊಳೆಯಾಗೆ ನಿಂತ ಕಂಬ ನೋಡ್ಕಂತ ಕೂರ್ಬೇಕು. ಯೋಚನೆ ಮಾಡ್ರಿ."

ನಾನು ಯೋಚನೆ ಮಾಡಿದೆ. ಜುಲೈ ಬಂತೆಂದರೆ ಹಳೆಯ ತಗ್ಗು ಸೇತುವೆಯ ಮೇಲೆ ನೀರು ಹರಿದು ಬಸ್ಸು ನಿಲ್ಲುವುದು ನೆನಪಾಯಿತು. ಅರ್ಧಕ್ಕೆ ನಿಂತ ಎಷ್ಟೋ ಕಾಮಗಾರಿಗಳನ್ನು ನೋಡಿದವಳು ನಾನು. ಸಹಿ ಹಾಕಿಬಿಟ್ಟೆ.

ಇನ್ನೊಂದು ಸಂಗತಿ ಇದೆ. ಅದು ಸಹಿಗಿಂತ ದೊಡ್ಡದು. ಕಾಂಕ್ರೀಟ್ ಹಾಕುವಾಗ ಆಸರೆ ಕಂಬಗಳನ್ನು ಬಿಗಿಯಾಗಿ ಎತ್ತಿ ಹಿಡಿಯುವ ಜಾಕಿ ಒಂದು ಸಾಲಿನಲ್ಲಿ ಸಡಿಲವಾದದ್ದು ನನ್ನ ಕಣ್ಣಿಗೆ ಬಿತ್ತು. ಆಗಲೇ ನಿಲ್ಲಿಸಿ ಎಂದು ಕೂಗಬೇಕಿತ್ತು. ನಡುವೆ ನಿಲ್ಲಿಸಿದರೆ ಅಷ್ಟೂ ಕಾಂಕ್ರೀಟನ್ನು ಒಡೆದು ಎಸೆಯಬೇಕು, ಆ ನಷ್ಟವನ್ನು ಎಲ್ಲಿಂದ ತುಂಬುವುದು ಎಂದು ಲೆಕ್ಕ ಹಾಕಿದೆ ಅತ್ತೆ. ಲೆಕ್ಕ ಹಾಕಿ, ಯತೀಶನನ್ನು ಕರೆದು, ಕೆಳಗೆ ಹೋಗಿ ಜಾಕಿ ಬಿಗಿ ಮಾಡು ಎಂದೆ. ಬಿಹಾರದ ಇಬ್ಬರು ಅವನ ಹಿಂದೆ ಹೋದರು.

ಗುಡ್ಡಮ್ಮನಿಗೆ ಓದಲು ಬರುವುದಿಲ್ಲ. ಈ ಕಾಗದವನ್ನು ನೀವೇ ಅವರ ಮುಂದೆ ಓದಬೇಕು. ಒಂದು ಸಾಲನ್ನೂ ಬಿಡದೆ ಓದಿ. ಅವರು ಏನು ಅಂದರೂ ನನಗೆ ಬರೆಯಿರಿ.

ಶಾಲಿನಿ

*

ಉಳವಿ
3 ಜೂನ್ 2025

ಶಾಲಿನಿಗೆ ಆಶೀರ್ವಾದ.

ಕಾಗದ ಸಿಕ್ಕಿತು. ಗುಡ್ಡಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ನಿನ್ನ ಮೇಲೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಅವಳ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಳೆ ಹಿಡಿಯಿತು. ಸಸಿಮಡಿ ಮಾಡಿಸಿದೆ. ಹೋದ ವಾರ ಶರತ್ ಜೊತೆ ಕಂಪನಿಯ ಕಡೆಯವರೊಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಜನ, ಚಹಾ ಕುಡಿದು ಹೋದರು. ನಿನ್ನನ್ನು ಬೇಗ ಬಿಡಿಸುವ ದಾರಿ ಇದೆ ಎಂದರು. ನಿನ್ನ ಹತ್ತಿರವೂ ವಕೀಲರನ್ನು ಕಳಿಸುತ್ತಾರಂತೆ. ಅವರು ಹೇಳಿದಂತೆ ಕೇಳು. ಹಠ ಮಾಡಬೇಡ. ನೀನು ಹಠದವಳು ಎಂದು ಶರತ್ ಹೇಳಿಕೊಂಡ, ನಾನು ಅಲ್ಲ ಎಂದೆ.

ಶರತ್‌ಗೆ ಜ್ವರ ಬಂದಿತ್ತು. ಅದಕ್ಕೇ ಬರಲಾಗಲಿಲ್ಲ.

ಹೂವಮ್ಮ

*

ಶಿವಮೊಗ್ಗ
19 ಜೂನ್ 2025

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದ ಓದಿ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಗುಡ್ಡಮ್ಮ ಬೈದಿದ್ದರೂ ನನಗೆ ಸರಿಯೇ ಇತ್ತು. ಎಲ್ಲ ಕೇಳಿ ಸುಮ್ಮನಿದ್ದರು ಎಂದರೆ ಅವರು ಎಂಥ ಹೆಂಗಸು! ನನ್ನನ್ನು ಕ್ಷಮಿಸಿದ್ದಾರೆ ಎಂದುಕೊಳ್ಳುವಷ್ಟು ದಡ್ಡಿಯಲ್ಲ ನಾನು. ಆದರೆ ಅವರಿಗೆ ನಿಜ ಗೊತ್ತಿದೆ, ಅಷ್ಟು ಸಾಕು.

ಕಂಪನಿಯ ವಕೀಲರು ಬಂದಿದ್ದರು. ಬಹಳ ಮೃದುವಾಗಿ ಮಾತಾಡಿದರು. "ನೋಡಿ ಮೇಡಂ, ಒಂದೇ ಒಂದು ಮಾತು. ಯತೀಶ ಯಾರೂ ಹೇಳದೆ ತಾನಾಗಿ ಕೆಳಗೆ ಹೋಗಿ ಜಾಕಿ ಬಿಚ್ಚಿದ ಅಂತ ಹೇಳಿ. ಕೆಲಸಗಾರನ ಕೈತಪ್ಪು ಅಂತಾಗುತ್ತೆ. ನಿಮಗೂ ಜಾಮೀನು, ಸದಾಶಿವಪ್ಪನವರಿಗೂ ಕೇಸಿಲ್ಲ. ವಿಮೆ ಹಣ ಬರುತ್ತೆ, ಸೇತುವೆ ಕೆಲಸ ಮತ್ತೆ ಶುರುವಾಗುತ್ತೆ. ಸತ್ತವನಿಗೆ ಇದರಿಂದ ಏನು ನಷ್ಟ?"

ನಾನು ಆಗಲ್ಲ ಎಂದೆ. ಈಗ ನನಗೆ ಸರ್ಕಾರದಿಂದಲೇ ಒಬ್ಬ ವಕೀಲೆಯನ್ನು ಕೊಟ್ಟಿದ್ದಾರೆ, ಸಂಗೀತ ಎಂದು ಹೆಸರು, ಚಿಕ್ಕ ವಯಸ್ಸಿನವಳು. ಮ್ಯಾಜಿಸ್ಟ್ರೇಟರ ಮುಂದೆ ನಾನೇ ಹೇಳಿಕೆ ಕೊಡುತ್ತೇನೆ ಎಂದು ಅವಳಿಂದ ಅರ್ಜಿ ಹಾಕಿಸಿದ್ದೇನೆ. ಆಸರೆಯಲ್ಲಿ ಏನೇನು ಕಡಿಮೆ ಮಾಡಿದರು, ಯಾಕೆ ಮಾಡಿದರು, ಅವನನ್ನು ಕೆಳಗೆ ಕಳಿಸಿದ್ದು ಯಾರು, ಎಲ್ಲವನ್ನೂ ಹೇಳುತ್ತೇನೆ. "ಇದರಿಂದ ನಿಮಗೆ ಶಿಕ್ಷೆ ಆಗಬಹುದು" ಎಂದು ಸಂಗೀತ ಎರಡೆರಡು ಸಲ ಹೇಳಿದಳು. ಆಗಲಿ.

ಗುಡ್ಡಮ್ಮನನ್ನು ಸಾಕ್ಷಿಗೆ ಕರೆದರೆ ನೀವೂ ಜೊತೆಗೆ ಬನ್ನಿ. ಅವರೊಬ್ಬರೇ ಬರುವುದು ಬೇಡ.

ಶಾಲಿನಿ

*

ಉಳವಿ
24 ಜೂನ್ 2025

ಶಾಲಿನಿಗೆ ಆಶೀರ್ವಾದ.

ನಿನ್ನಿಂದ ಕಾಗದ ಬರದೆ ಬಹಳ ದಿನವಾಯಿತು. ಇರಲಿ. ಒಳ್ಳೆಯ ಸುದ್ದಿ ಇದೆ, ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಕಂಪನಿಯವರು ನಿನ್ನೆ ಮತ್ತೆ ಬಂದಿದ್ದರು. ಗುಡ್ಡಮ್ಮನ ಕಡೆಯಿಂದ ಒಂದು ಅಫಿಡವಿಟ್ ಬೇಕು, ಅದಾದರೆ ಅವಳಿಗೆ ಪರಿಹಾರವೂ ಬರುತ್ತದೆ, ನಿನ್ನ ಬಿಡುಗಡೆಗೂ ದಾರಿಯಾಗುತ್ತದೆ ಎಂದರು. ಅವರೇ ಹೋಗಿ ಕೇಳಿದಾಗ ಗುಡ್ಡಮ್ಮ ಬಾಗಿಲು ತೆಗೆದಿರಲಿಲ್ಲವಂತೆ. "ನೀವು ಹೇಳಿದ್ರೆ ಕೇಳ್ತಾರಮ್ಮ" ಎಂದು ನನ್ನನ್ನು ಕರೆದುಕೊಂಡು ಹೋದರು.

"ಎಂಥದೇ ಹೂವಮ್ಮ ಇದು?" ಎಂದು ಕೇಳಿದಳು.

"ಪರಿಹಾರದ ಕಾಗದ ಕಣೇ. ಹೆಬ್ಬೆಟ್ಟು ಒತ್ತು."

"ನಂಗೆ ಪರಿಹಾರ ಎಂತಕ್ಕೆ?"

"ನಿಂಗೆ ಬ್ಯಾಡದಿದ್ರೆ ಬ್ಯಾಡ. ಶಾಲಿನಿ ಮನೆಗೆ ಬರ್ತಾಳೆ. ಅದಕ್ಕಾದ್ರೂ ಒತ್ತು ಮಾರಾಯ್ತಿ."

ಅವಳು ನನ್ನ ಮುಖ ನೋಡಿದಳು. "ಶಾಲಿನಿ ಬರ್ತಾಳೆ ಅಂದ್ರೆ ಒತ್ತುತೀನಿ. ಯತೀಶಂಗೆ ಅತ್ತಿಗೆ ಅತ್ತಿಗೆ ಅಂತ ಜೀವ" ಎಂದು ಹೇಳಿ ಒತ್ತಿದಳು.

ಅದರಲ್ಲಿ, ಮಗ ತಾನಾಗಿ ಜಾಕಿ ಬಿಚ್ಚಿದ, ಬೇಡವೆಂದರೂ ಕೇಳದ ಸ್ವಭಾವದವನು ಎಂದು ಬರೆದಿದೆ. ನಾನು ಓದಿದೆ. ಅವಳಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಒತ್ತುತ್ತಿದ್ದಳೇ? ಯತೀಶನಂತೂ ಇನ್ನು ಬರುವುದಿಲ್ಲ. ಇರುವವರನ್ನಾದರೂ ಉಳಿಸಿಕೊಳ್ಳಬೇಕಲ್ಲ. ನೀನೂ ವಕೀಲರು ಹೇಳಿದ ಒಂದು ಮಾತು ಹೇಳಿ ಬಂದುಬಿಡು. ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ.

ಹೂವಮ್ಮ

*

ಶಿವಮೊಗ್ಗ
12 ಜುಲೈ 2025

ಅತ್ತೆಯವರಿಗೆ,

ನಾನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟು ಬಂದ ಮೇಲೆ ನಿಮ್ಮ ಕಾಗದ ನನ್ನ ಕೈಗೆ ಬಂತು. ಜಾಮೀನು ವಿಚಾರಣೆಯ ದಿನ ಸೆಷನ್ಸ್ ಕೋರ್ಟಿನಲ್ಲೇ ಅದರ ಸುದ್ದಿ ತಿಳಿದಿತ್ತು. ಸದಾಶಿವಪ್ಪನವರ ವಕೀಲರು ಗುಡ್ಡಮ್ಮನ ಅಫಿಡವಿಟ್ಟನ್ನು ಎತ್ತಿ ಹಿಡಿದು, "ಹೆತ್ತ ತಾಯಿಯೇ ಹೀಗೆ ಹೇಳುತ್ತಿದ್ದಾಳೆ, ಈ ಇಂಜಿನಿಯರ್ ಮೇಲಿನವರನ್ನು ಸಿಕ್ಕಿಸಲು ಕಥೆ ಕಟ್ಟಿದ್ದಾಳೆ" ಎಂದರು. ಸದಾಶಿವಪ್ಪನವರಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ನನ್ನ ಜಾಮೀನು ಅರ್ಜಿ ವಜಾ ಆಯಿತು. ಆಸರೆ ಕಡಿಮೆ ಮಾಡಿದ್ದರ ಬಗ್ಗೆ ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನನ್ನು ಕೆಳಗೆ ಕಳಿಸಿದ್ದು ನಾನೇ ಎಂದದ್ದನ್ನು ಮಾತ್ರ ಚೆನ್ನಾಗಿ ಬರೆದುಕೊಂಡರು.

ನನಗೆ ಒಂದೇ ಪ್ರಶ್ನೆ ಇದೆ. ನಿಜ ಗೊತ್ತಿದ್ದೂ ಗುಡ್ಡಮ್ಮ ನನಗಾಗಿ ಹೆಬ್ಬೆಟ್ಟು ಒತ್ತಿದರು ಎಂದು ಮೊದಲು ಅಂದುಕೊಂಡೆ. ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿದೆ. ನಾನು ಮೇ ತಿಂಗಳಲ್ಲಿ ಬರೆದದ್ದನ್ನು ನೀವು ಅವರಿಗೆ ಓದಿ ಹೇಳಿದ್ದು ನಿಜವೇ?

ಶಾಲಿನಿ

*

ಉಳವಿ
30 ಜುಲೈ 2025

ಶಾಲಿನಿಗೆ,

ಓದಲಿಲ್ಲ.

ಕಾಗದ ಹಿಡಿದು ಅವಳ ಬಾಗಿಲಿನವರೆಗೆ ಹೋಗಿದ್ದೆ. ಅವಳು ಯತೀಶನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಯಾರು ತೊಡಬೇಕು ಅದನ್ನು? ನಾನು ಏನೂ ಹೇಳದೆ ವಾಪಸ್ ಬಂದೆ. ಓದಿದೆ ಎಂದು ನಿನಗೆ ಬರೆದೆ.

ನಿಜ ಹೇಳಿಬಿಡಬೇಕು ಎಂದು ನೀನು ಅಲ್ಲಿ ಕುಳಿತು ಬರೆಯುತ್ತೀಯ. ಅದನ್ನು ಅವಳ ಮುಖ ನೋಡಿ ಹೇಳಬೇಕಾದವಳು ನಾನು. ಹೇಳಿದ ಮೇಲೆ ದಿನ ಬೆಳಗಾದರೆ ಅವಳು ಕುರಿ ಹೊಡೆದುಕೊಂಡು ಹೋಗುವುದನ್ನು ನೋಡಬೇಕಾದವಳೂ ನಾನು. ಕೆಲಸ ಕೊಡಿಸು ಎಂದವಳು ನಾನು. ಕೆಳಗೆ ಹೋಗು ಎಂದವಳು ನನ್ನ ಸೊಸೆ. ಇಷ್ಟನ್ನೂ ಹೊತ್ತು ಆ ಮನೆಯ ಪಕ್ಕದಲ್ಲಿ ಬಾಳುವುದು ಹೇಗೆ ಹೇಳು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಶರತ್‌ಗೆ ಜ್ವರ ಬಂದಿರಲಿಲ್ಲ. ಏಪ್ರಿಲಿನಲ್ಲೇ ಅವನು ಸೊರಬದಲ್ಲಿ ಬಾಡಿಗೆ ಮನೆ ಮಾಡಿದ. ನೌಕರಿಗೆ ತೊಂದರೆ ಎನ್ನುತ್ತಾನೆ. ವಿಚ್ಛೇದನಕ್ಕೆ ವಕೀಲರ ನೋಟಿಸು ನಿನಗೆ ಸದ್ಯದಲ್ಲೇ ಬರುತ್ತದೆ. ನೀನು ಬೇಗ ಮನೆಗೆ ಬಂದರೆ ಅವನು ಮನಸ್ಸು ಬದಲಿಸುತ್ತಾನೆ ಎಂದುಕೊಂಡಿದ್ದೆ. ಅದಕ್ಕೇ ಇಷ್ಟೆಲ್ಲ ಮಾಡಿದ್ದು. ಈಗ ಅದೂ ಇಲ್ಲ.

ಹೂವಮ್ಮ

*

ಉಳವಿ
18 ನವೆಂಬರ್ 2025

ಶಾಲಿನಿಗೆ ಹೂವಮ್ಮ ಬರೆಯುವುದು.

ಎರಡು ಕಾಗದ ಹಾಕಿದೆ, ನಿನ್ನಿಂದ ಉತ್ತರವಿಲ್ಲ. ನಾನು ಬಂದಾಗಲೂ ಭೇಟಿಗೆ ಒಪ್ಪಲಿಲ್ಲವಂತೆ. ತಪ್ಪು ನಿನ್ನದಲ್ಲ. ಆದರೂ ಇದನ್ನು ಓದು.

ದಸರಾ ಕಳೆದ ಮೇಲೆ ಪೇಪರಿನಲ್ಲಿ ಬಂತು, ಕಾರ್ಮಿಕನ ಅಜಾಗರೂಕತೆಯಿಂದ ಸೇತುವೆ ಬಿದ್ದದ್ದು ಎಂದು. ಯತೀಶನ ಹೆಸರನ್ನೇ ಹಾಕಿದ್ದರು. ರೇಷನ್ ಅಂಗಡಿಯಲ್ಲಿ ಯಾರೋ ಗುಡ್ಡಮ್ಮನ ಮುಂದೆಯೇ, "ಇವಳ ಮಗನಿಂದ ಆ ಬಿಹಾರದ ಹುಡುಗ್ರೂ ಸತ್ರಂತೆ" ಎಂದರಂತೆ. ಅವಳು ಅಕ್ಕಿ ಚೀಲವನ್ನು ಅಲ್ಲೇ ಬಿಟ್ಟು ಸೀದಾ ನಮ್ಮ ಮನೆಗೆ ಬಂದಳು. ಎಷ್ಟೋ ತಿಂಗಳ ಮೇಲೆ ನಮ್ಮ ಜಗಲಿ ಹತ್ತಿದಳು.

"ಹೌದನೇ ಹೂವಮ್ಮ? ನನ್ನ ಮಗ ಅವರನ್ನ ಕೊಂದ್ನಾ?"

ಆಗ ಓದಿದೆ. ನಿನ್ನ ಮೇ ತಿಂಗಳ ಕಾಗದವನ್ನು ಒಂದು ಸಾಲನ್ನೂ ಬಿಡದೆ ಓದಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. "ನಾನು ಹೆಬ್ಬೆಟ್ಟು ಒತ್ತಿದ್ರಲ್ಲಿ ಎಂತ ಬರ್ದಿತ್ತು?" ಎಂದು ಕೇಳಿದಳು. ಅದನ್ನೂ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಎದ್ದು, ಸೆರಗು ಕೊಡವಿ, ಹೋದಳು. ಮಾರನೇ ದಿನದಿಂದ ಕುರಿಯನ್ನು ನಮ್ಮ ಅಂಗಳ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿಸಿಕೊಂಡು ಹೋಗತೊಡಗಿದಳು.

ಹೋದ ವಾರ ಒಂದು ಬೆಳಿಗ್ಗೆ ಬಾಗಿಲಿಗೆ ಬಂದು, "ಕೋರ್ಟಿಗೆ ಯಾವ ಬಸ್ಸು?" ಎಂದಳು. ಇಬ್ಬರೂ ಹೋದೆವು. ಸಂಗೀತ ಮೇಡಂ ಹೊಸ ಅಫಿಡವಿಟ್ ಬರೆದು, ಗುಡ್ಡಮ್ಮನಿಗೆ ಪ್ರತಿ ಸಾಲನ್ನೂ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೋರ್ಟಿನಲ್ಲಿ ಕಂಪನಿ ವಕೀಲರು ನಕ್ಕರು. "ಅಮ್ಮಾ, ಪರಿಹಾರ ತಗೊಂಡಾಗ ಒಂದು ಹೇಳಿಕೆ, ಈಗ ಇನ್ನೊಂದು. ನಿಮ್ಮದು ಯಾವಾಗ ಸುಳ್ಳು?" ಎಂದರು. ಗುಡ್ಡಮ್ಮ, "ನನ್ನ ಮಗ ಬಿಚ್ಚಿಲ್ಲ" ಎಂದಳು. ಮತ್ತೇನು ಕೇಳಿದರೂ ಅದೊಂದೇ ಮಾತು. ಇದನ್ನೆಲ್ಲ ಮುಂದೆ ವಿಚಾರಣೆಯಲ್ಲಿ ನೋಡೋಣ ಎಂದರು ಜಡ್ಜ್ ಸಾಹೇಬರು. ಸದಾಶಿವಪ್ಪನವರ ಹೆಸರನ್ನು ಕೇಸಿನಿಂದ ಕೈಬಿಟ್ಟಾಯಿತು. ಹೊರಗೆ ಬಂದಾಗ ಅವರು ಕಾರು ಹತ್ತುತ್ತಿದ್ದರು. ನಮ್ಮನ್ನು ನೋಡಿ ಕೈ ಮುಗಿದರು.

ಬರುವಾಗ ಬಸ್ಸು ಹೊಳೆಯ ಹತ್ತಿರ ನಿಂತಿತು. ಕೆಲಸ ಮತ್ತೆ ಶುರುವಾಗಿದೆ. ಕಬ್ಬಿಣದ ಕಂಬಗಳು ಕೈ ತೂರದಷ್ಟು ಒತ್ತಾಗಿ ನಿಂತಿವೆ, ಬುಡಕ್ಕೆಲ್ಲ ಕಾಂಕ್ರೀಟ್ ಹಾಸು. ನಿಮ್ಮವರು ಮೊದಲು ಕೇಳಿದ್ದ ಹಣವನ್ನೂ, ಅದರ ಮೇಲೆ ಇನ್ನಷ್ಟನ್ನೂ ಈಗ ಮಂಜೂರು ಮಾಡಿದ್ದಾರೆ ಎಂದು ಕಂಡಕ್ಟರ್ ಹೇಳಿದ. ಗುಡ್ಡಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ, ಬಸ್ಸು ಹೊರಡುವವರೆಗೆ ನೋಡಿದಳು.

ನಿನ್ನನ್ನು ನೋಡಬೇಕಂತೆ ಅವಳಿಗೆ. ನನ್ನನ್ನು ಒಳಗೆ ಬಿಡುವುದು ಬೇಡ, ಅವಳನ್ನಾದರೂ ಬೇಡ ಎನ್ನಬೇಡ.

ಹೂವಮ್ಮ

*

ಶಿವಮೊಗ್ಗ
9 ಜನವರಿ 2026

ಪೂಜ್ಯ ಅತ್ತೆಯವರಿಗೆ ಶಾಲಿನಿಯ ನಮಸ್ಕಾರಗಳು.

ಮೊನ್ನೆ ನೀವು ಗೇಟಿನ ಹೊರಗೆ ಕಾದು ಕುಳಿತದ್ದು ನನಗೆ ಗೊತ್ತು. ಗುಡ್ಡಮ್ಮ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ, ಒಳಗೆ ಏನಾಯಿತೆಂದು ಗೊತ್ತಾಗಲಿಲ್ಲ ಎಂದು ಸಂಗೀತಳ ಕೈಯಲ್ಲಿ ಹೇಳಿಕಳಿಸಿದ್ದೀರಿ. ಬರೆಯುತ್ತೇನೆ. ನಿಮ್ಮಿಂದ ನಾನು ಏನನ್ನೂ ಮುಚ್ಚಿಡುವುದಿಲ್ಲ.

ನಡುವೆ ಜಾಲರಿ ಇತ್ತು. ಅವರು ಬಹಳ ಇಳಿದುಹೋಗಿದ್ದಾರೆ. ನಾನು ಕೈ ಮುಗಿದೆ. ಅವರು ಮುಗಿಯಲಿಲ್ಲ. ಆಚೆ ಈಚೆ ಎಲ್ಲರೂ ಜೋರಾಗಿ ಕೂಗಿ ಮಾತಾಡುತ್ತಿದ್ದರು.

ಅವರು ಜಾಲರಿಯ ಹತ್ತಿರ ಬಂದು ಕೇಳಿದರು, "ಕೆಳಗೆ ಹೋಗು ಅಂದಾಗ ಅವ ಎಂತ ಅಂದ?"

ಏನಾದರೊಂದು ಒಳ್ಳೆಯ ಮಾತು ಹೇಳಬಹುದಿತ್ತು. ಅಮ್ಮನ ಹೆಸರು ಹೇಳಿದ ಎಂದರೆ ಅವರು ಅದನ್ನೇ ಹಿಡಿದುಕೊಂಡು ಬದುಕುತ್ತಿದ್ದರೋ ಏನೋ. ನನ್ನ ಬಾಯಿಗೆ ಬಂದಿತ್ತು. ನಾನು ಹೇಳಲಿಲ್ಲ.

"ಹೂಂ ಅಂದ" ಎಂದೆ. "ಹೂಂ ಅಂತ ಹೇಳಿ, ಚಪ್ಪಲಿ ಬಿಟ್ಟು ಇಳಿದ."

"ಹೆದರಿದ್ನಾ?"

"ಇಲ್ಲ. ನಾನು ಹೇಳಿದೆ ಅಂತ ಇಳಿದ. ನಾನು ಹೇಳಿದ್ದು ಸರಿ ಇರುತ್ತೆ ಅಂದುಕೊಂಡಿದ್ದ."

ಅವರು ಜಾಲರಿಗೆ ಹಣೆ ಹಚ್ಚಿದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಆಮೇಲೆ ಕೇಳಿದರು, "ಅವರು ಹೇಳಿಕೊಟ್ಟಂಗೆ ನೀನೊಂದು ಸುಳ್ಳು ಹೇಳಿದ್ರೆ ಆವಾಗಲೇ ಹೊರಗೆ ಬರ್ತಿದ್ದೆ ಅಂತ ಹೂವಮ್ಮ ಹೇಳಿದ್ಲು. ಹೌದಾ?"

"ಹೌದು."

"ನಿಜ ಹೇಳಿದ್ದಕ್ಕೆ ಒಳಗಿದ್ದೀಯ?"

"ಹೌದು. ಸಹಿ ಹಾಕಿದ್ದಕ್ಕೂ."

ಅವರು ನನ್ನನ್ನೇ ನೋಡಿದರು. ನಾನು ನಿಮ್ಮ ಮನೆಗೆ ಮದುವೆಯಾಗಿ ಬಂದ ದಿನ ಬಾಗಿಲಲ್ಲಿ ನಿಂತು ನೋಡಿದ್ದರಲ್ಲ, ಹಾಗೆ ನಿಧಾನವಾಗಿ, ತಲೆಯಿಂದ ಕಾಲಿನವರೆಗೆ.

"ಹಂಗಾರೆ ಇಲ್ಲೇ ಇರು" ಎಂದರು.

ಅಷ್ಟು ಹೇಳಿ ತಿರುಗಿ ಹೋದರು. ಭೇಟಿಯ ಸಮಯ ಇನ್ನೂ ಉಳಿದಿತ್ತು.

ಶಾಲಿನಿ